ಕರೆಂಟ್ ಬಿಲ್ ಇಲ್ಲದ ಮಗುವಿಗೂ ಶಾಲೆ: ಅಮೆರಿಕದ ಒಂದು ಕಾನೂನಿನ ಹಿನ್ನೆಲೆ

ಅಮೆರಿಕದಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ. ಆದರೆ ಮಗು ಯಾವ ಶಾಲೆಗೆ ಹೋಗಬೇಕು ಅನ್ನೋದನ್ನು ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಶಾಲೆ ನಡೆಸುವ ದುಡ್ಡಿನಲ್ಲಿ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಹಾಗಾಗಿ ನಮ್ಮ ತೆರಿಗೆ ನಮ್ಮ ಮಕ್ಕಳಿಗೆ ಅನ್ನುವ ಲೆಕ್ಕಾಚಾರ ಅಲ್ಲಿ ಬಲವಾಗಿದೆ. ಮಗುವನ್ನು ಸೇರಿಸಲು ಹೋದರೆ ಬಾಡಿಗೆ ಕರಾರು ಕೇಳುತ್ತಾರೆ, ಕರೆಂಟ್ ಬಿಲ್ ಕೇಳುತ್ತಾರೆ, ಲಸಿಕೆ ಕಾರ್ಡ್, ಹಳೇ ಶಾಲೆಯ ದಾಖಲೆ ಕೇಳುತ್ತಾರೆ. ಮನೆಯೇ ಇಲ್ಲದವರು ಕರೆಂಟ್ ಬಿಲ್ ಎಲ್ಲಿಂದ ತರಬೇಕು?

1980ರ ದಶಕದಲ್ಲಿ ಈ ಪ್ರಶ್ನೆ ದೊಡ್ಡದಾಯಿತು. ಕಡಿಮೆ ಬಾಡಿಗೆಯ ಮನೆಗಳು ಸಿಗದಾದವು. ವಸತಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ನೆರವಿಗೂ ಕತ್ತರಿ ಬಿತ್ತು. ಮಕ್ಕಳನ್ನು ಕಟ್ಟಿಕೊಂಡು ಇಡೀ ಸಂಸಾರಗಳೇ ಶೆಲ್ಟರ್‌ಗಳಿಗೆ (ಮನೆಯಿಲ್ಲದವರ ತಂಗುದಾಣಗಳಿಗೆ), ಮೋಟೆಲ್‌ಗಳಿಗೆ ಬಂದವು. ಅಲ್ಲಿಂದ ಶಾಲೆಗೆ ಹೋದರೆ ಎರಡೂ ಕಡೆ ಬಾಗಿಲು ಮುಚ್ಚುತ್ತಿತ್ತು. ನೀವೀಗ ಇಲ್ಲಿ ವಾಸ ಇಲ್ಲವಲ್ಲ ಅಂತ ಹಿಂದಿನ ಊರಿನವರು ಅನ್ನುತ್ತಿದ್ದರು. ಶೆಲ್ಟರ್ ನಿಮ್ಮ ಖಾಯಂ ಮನೆ ಅಲ್ಲವಲ್ಲ ಅಂತ ಈ ಊರಿನವರು ಅನ್ನುತ್ತಿದ್ದರು. ಎರಡು ಆಫೀಸುಗಳ ವಾದ ಮುಗಿಯುವಷ್ಟರಲ್ಲಿ ಮಗುವಿನ ತಿಂಗಳುಗಳೇ ಕಳೆದುಹೋಗುತ್ತಿದ್ದವು.

1987ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಕೆಲವು ಸಂಸದರು ಒಂದು ರಾತ್ರಿ ಬೀದಿಯಲ್ಲೇ ಮಲಗಿದರು. ಮನೆಯಿಲ್ಲದವರಿಗಾಗಿ ಕಾನೂನು ಬೇಕು ಅನ್ನುವುದು ಅವರ ಬೇಡಿಕೆ. ಅವರಲ್ಲಿ ಕನೆಕ್ಟಿಕಟ್ ರಾಜ್ಯದ ರಿಪಬ್ಲಿಕನ್ ಸಂಸದ ಸ್ಟುವರ್ಟ್ ಮೆಕಿನ್ನಿ ಕೂಡ ಇದ್ದರು. ಆಗಲೇ ಕಾಯಿಲೆ ಬಿದ್ದಿದ್ದ ಅವರು ಮೇ ತಿಂಗಳಲ್ಲಿ ತೀರಿಕೊಂಡರು. ಜುಲೈ 22ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿಗೆ ಅವರ ಹೆಸರನ್ನೇ ಇಟ್ಟರು. 2000ದಲ್ಲಿ ಮಿನ್ನೆಸೋಟಾದ ಸಂಸದ ಬ್ರೂಸ್ ವೆಂಟೊ ತೀರಿಕೊಂಡ ಮೇಲೆ ಅದಕ್ಕೆ ಮೆಕಿನ್ನಿ-ವೆಂಟೊ ಕಾಯ್ದೆ ಅಂತ ಹೆಸರಾಯಿತು.

ಮೊದಲ ಕಾನೂನು ಮೆತ್ತಗಿತ್ತು. ನಿಮ್ಮ ವಿಳಾಸದ ನಿಯಮಗಳನ್ನು ಒಮ್ಮೆ ನೋಡಿ ಸರಿ ಮಾಡಿಕೊಳ್ಳಿ ಅಂತ ರಾಜ್ಯಗಳಿಗೆ ಹೇಳಿತು, ಅಷ್ಟೇ. 1990ರ ತಿದ್ದುಪಡಿ ಅಡ್ಡಿಗಳನ್ನು ತೆಗೆಯಲೇಬೇಕು ಅಂತು. 1994ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ ಲ್ಯಾಂಪ್‌ಕಿನ್ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತು: ಈ ಕಾನೂನು ಪಾಲಿಸದಿದ್ದರೆ ಮನೆಯಿಲ್ಲದ ಕುಟುಂಬಗಳೇ ಕೋರ್ಟಿಗೆ ಬರಬಹುದು. ನನ್ನ ಪ್ರಕಾರ ಇದು ಹಕ್ಕು ಅನ್ನಿಸಿಕೊಂಡದ್ದೇ ಆವತ್ತು.

ನಿಜವಾದ ಬಲ ಬಂದದ್ದು 2001ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ. ದಾಖಲೆ ಇರಲಿ ಬಿಡಲಿ, ಮಗುವನ್ನು ತಕ್ಷಣ ಸೇರಿಸಿಕೊಳ್ಳಬೇಕು. ಕಾಗದಪತ್ರ ಹುಡುಕುವ ಕೆಲಸ ಶಾಲೆಯದು. ಜಗಳ ಬಂದರೆ ಅದು ತೀರುವ ತನಕ ಮಗು ತರಗತಿಯಲ್ಲೇ ಇರಬೇಕು. ಪ್ರತಿ ಶಾಲಾ ಡಿಸ್ಟ್ರಿಕ್ಟ್‌ನಲ್ಲೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಈ ಮಕ್ಕಳ ವಿಷಯ ನೋಡಿಕೊಳ್ಳಲು ಒಬ್ಬ ಲಿಯಾಸನ್, ಅಂದರೆ ಸಂಪರ್ಕ ಸಿಬ್ಬಂದಿ, ಇರಬೇಕು. ಎಲ್ಲಕ್ಕಿಂತ ದೊಡ್ಡದು ಸ್ಕೂಲ್ ಆಫ್ ಆರಿಜಿನ್ ನಿಯಮ. ಮನೆ ಕಳೆದುಕೊಂಡು ಸಂಸಾರ ಬೇರೆ ಊರಿಗೆ ಹೋದರೂ ಮಗು ಹಳೇ ಶಾಲೆಯಲ್ಲೇ ಓದಬಹುದು. ಮಗುವಿನ ಹಿತಕ್ಕೆ ಅದೇ ಒಳ್ಳೆಯದಾದರೆ, ಕೇಳಿದಾಗ ಬಸ್ಸನ್ನೋ ಟ್ಯಾಕ್ಸಿಯನ್ನೋ ಡಿಸ್ಟ್ರಿಕ್ಟೇ ಕೊಡಬೇಕು. ಹಾಸಿಗೆ, ಬೀದಿ, ಪಕ್ಕದ ಮನೆ ಎಲ್ಲ ಬದಲಾದಾಗ ಅದೇ ಟೀಚರ್, ಅದೇ ಗೆಳೆಯರು ಇರುವುದು ಎಷ್ಟು ದೊಡ್ಡ ಆಸರೆ ಅಲ್ವಾ?

ಮನೆಯಿಲ್ಲದ ಮಕ್ಕಳಿಗೇ ಅಂತ ಬೇರೆ ಶಾಲೆ ಮಾಡುವುದನ್ನೂ ಈ ತಿದ್ದುಪಡಿ ತಡೆಯಿತು. ಇದು ಸುಲಭದ ಮಾತಾಗಿರಲಿಲ್ಲ. ಅರಿಜೋನಾದ ಫೀನಿಕ್ಸ್‌ನಲ್ಲಿದ್ದ ಥಾಮಸ್ ಪಾಪಸ್ ಶಾಲೆಯನ್ನು ಜನ ಮನಸಾರೆ ಬೆಂಬಲಿಸುತ್ತಿದ್ದರು. ಅಲ್ಲಿ ಬಟ್ಟೆ, ಊಟ, ಚಿಕಿತ್ಸೆ ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಕೊನೆಗೆ ಅದಿದ್ದ ಮಾರಿಕೋಪಾ ಕೌಂಟಿಗೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕ್ಯಾಲಿಫೋರ್ನಿಯಾದ ಮೂರು ಕೌಂಟಿಗಳಿಗೂ ವಿನಾಯ್ತಿ ಸಿಕ್ಕಿತು. ಪಾಪಸ್ ಶಾಲೆ 2008ರಲ್ಲಿ ಮುಚ್ಚಿತು. ಅಲ್ಲಿನವರ ಪ್ರೀತಿ ಸುಳ್ಳಲ್ಲ. ಆದರೂ ಬಡತನದ ಗುರುತಿಟ್ಟು ಮಕ್ಕಳನ್ನು ಬೇರೆ ಕೂರಿಸುವುದು ಸರಿಯಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಹಾಗಂತ ಕಾನೂನು ಎಲ್ಲರಿಗೂ ತಲುಪಿತು ಅಂದುಕೊಳ್ಳಬೇಡಿ. 2011ರಲ್ಲಿ, ಮೆಕಿನ್ನಿ ಪ್ರತಿನಿಧಿಸಿದ್ದ ಕ್ಷೇತ್ರದ ಒಂದು ನಗರದಲ್ಲೇ, ಮನೆಯಿಲ್ಲದ ತಾಯಿಯೊಬ್ಬರ ಮೇಲೆ ಕಳ್ಳತನದ ಕೇಸು ಬಿತ್ತು. ಅವರು ಬೇರೆಯವರ ವಿಳಾಸ ಕೊಟ್ಟು ಮಗನನ್ನು ಸೇರಿಸಿದ್ದರು. ಮಗು ಅಲ್ಲಿ ಕಲಿತದ್ದಕ್ಕೆ ಡಾಲರ್ ಲೆಕ್ಕ ಹಾಕಿ ಅದನ್ನೇ ಕದ್ದ ಮಾಲು ಅಂದರು. ಕಾನೂನು ಬಂದು ಆಗಲೇ 24 ವರ್ಷ ಆಗಿತ್ತು! ಕೇಸು ಹಾಕುವ ಮೊದಲು, ನೀವು ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಆ ತಾಯಿಯನ್ನು ಕೇಳಬೇಕಿತ್ತು.

ಆ ಪ್ರಶ್ನೆ ಕೇಳದಿದ್ದರೆ ಈ ಮಕ್ಕಳು ಕಣ್ಣಿಗೇ ಬೀಳುವುದಿಲ್ಲ. ಶಾಲೆಗಳು ಗುರುತಿಸುವ ಮಕ್ಕಳಲ್ಲಿ ಹೆಚ್ಚಿನವರು ಬೀದಿಯಲ್ಲೂ ಇಲ್ಲ, ಶೆಲ್ಟರ್‌ನಲ್ಲೂ ಇಲ್ಲ. ನೆಂಟರ, ಪರಿಚಯದವರ ಮನೆಯ ಸೋಫಾದ ಮೇಲೆ, ನೆಲದ ಮೇಲೆ ಮಲಗುತ್ತಾರೆ. ಸ್ಥಿರವಾದ, ಸಾಕಷ್ಟು ಸೌಕರ್ಯವಿರುವ ರಾತ್ರಿಯ ನೆಲೆ ಇಲ್ಲದವರೆಲ್ಲ ಈ ಕಾನೂನಿನಡಿ ಬರುತ್ತಾರೆ. ಆದರೆ ವಸತಿ ಇಲಾಖೆ ವರ್ಷಕ್ಕೊಮ್ಮೆ ರಾತ್ರಿ ಮಾಡುವ ಎಣಿಕೆಯಲ್ಲಿ ಹೀಗೆ ಬೇರೆಯವರ ಮನೆಯಲ್ಲಿ ಇರುವವರು ಸೇರುವುದಿಲ್ಲ. ಒಂದೇ ಮಗು ಶಾಲೆಯ ಲೆಕ್ಕದಲ್ಲಿ ಮನೆಯಿಲ್ಲದ್ದು, ವಸತಿ ಇಲಾಖೆಯ ಲೆಕ್ಕದಲ್ಲಿ ಅಲ್ಲ.

2015ರ ತಿದ್ದುಪಡಿ ಈ ಹಕ್ಕನ್ನು ಪ್ರೀಸ್ಕೂಲ್‌ಗೂ ಚಾಚಿತು, ವರ್ಷದ ನಡುವೆ ಮನೆ ಸಿಕ್ಕರೂ ಆ ವರ್ಷ ಮುಗಿಯುವ ತನಕ ಹಳೇ ಶಾಲೆಗೆ ಓಡಾಟದ ಏರ್ಪಾಡು ಮುಂದುವರಿಸಬೇಕು ಅಂತು. ಲಿಯಾಸನ್‌ಗೆ ಈ ಕೆಲಸ ಮಾಡುವಷ್ಟು ಸಮಯ ಇರಬೇಕು ಅಂತಲೂ ಹೇಳಿತು. ಎಷ್ಟೋ ಕಡೆ ಲಿಯಾಸನ್ ಅಂದರೆ ಇನ್ನೂ ನಾಲ್ಕು ಹೊಣೆ ಹೊತ್ತ ಒಬ್ಬರೇ ಒಬ್ಬರು. 2022-23ರಲ್ಲಿ ಶಾಲೆಗಳು ಗುರುತಿಸಿದ ಮಕ್ಕಳು ಸುಮಾರು 13.7 ಲಕ್ಷ. 2023ರ ಬಜೆಟ್‌ನಲ್ಲಿ ಇದಕ್ಕಿಟ್ಟ ಹಣ ಸುಮಾರು 12.9 ಕೋಟಿ ಡಾಲರ್. ಒಂದು ಮಗುವಿಗೆ ವರ್ಷಕ್ಕೆ ನೂರು ಡಾಲರ್ ಕೂಡ ಬೀಳುವುದಿಲ್ಲ. ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ಈ ಅನುದಾನ ಬರುವುದೇ ಇಲ್ಲ. ಹೊಣೆ ಮಾತ್ರ ಎಲ್ಲರ ಮೇಲೂ ಇದೆ.

ಕೋವಿಡ್ ಹೊತ್ತಿನಲ್ಲಿ, 2021ರಲ್ಲಿ, ಸಂಸತ್ತು ಒಮ್ಮೆಗೆ 80 ಕೋಟಿ ಡಾಲರ್ ಕೊಟ್ಟಿತು. ಆ ಹಣದಿಂದ ಡಿಸ್ಟ್ರಿಕ್ಟ್‌ಗಳು ಸಿಬ್ಬಂದಿ ಸೇರಿಸಿಕೊಂಡವು, ಮಕ್ಕಳಿಗೆ ಓಡಾಟದ ಏರ್ಪಾಡು ಮಾಡಿದವು. ಆ ಹಣವನ್ನು ಯಾವುದಕ್ಕೆ ಖರ್ಚು ಮಾಡುವುದು ಅಂತ ಗೊತ್ತುಮಾಡುವ ಗಡುವು 2024ರ ಸೆಪ್ಟೆಂಬರ್‌ಗೇ ಮುಗಿಯಿತು.