ಮಾರಿಷಸ್‌ನ ಆಫ್ರಿಕನ್ ಪಾಲು: ಸೆಗಾ ಕುಣಿತದಿಂದ ಚುನಾವಣೆಯ ಕಾಲಂವರೆಗೆ

ಮಾರಿಷಸ್ ಎಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಭೋಜಪುರಿ ಮಾತು, ಗಂಗಾ ತಲಾವ್‌ನ ಶಿವರಾತ್ರಿ, ಕಬ್ಬಿನ ಗದ್ದೆಗೆ ಹೋದ ಬಿಹಾರದ ಕೂಲಿಗಳು. ಸುಳ್ಳಲ್ಲ, ಆದರೆ ಅದು ಅರ್ಧ ಕಥೆ. ಗುಲಾಮಗಿರಿ ಮ್ಯೂಸಿಯಂ, ಶಾಲೆಯಲ್ಲಿ ಫ್ರೆಂಚ್ ಬುಡದಿಂದ ಬೆಳೆದ ಕ್ರಿಯೋಲ್ ಭಾಷೆ, ಚುನಾವಣೆಯಲ್ಲಿ ಸಮುದಾಯದ ಕಾಲಂ ಎಂದು ಬಿಡಿಬಿಡಿಯಾಗಿ ಬರುವ ಸುದ್ದಿಗಳ ಬುಡ ಒಂದೇ. ಆ ದ್ವೀಪದ ಆಫ್ರಿಕನ್ ಪಾಲಿಗೆ ಸಲ್ಲಬೇಕಾದ ಜಾಗ ಎಲ್ಲಿದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಮೂಲ ನಿವಾಸಿಗಳೇ ಇಲ್ಲದಿದ್ದ ದ್ವೀಪವದು. ಡಚ್ಚರು ಬಂದು ಹೋದರು, ಫ್ರೆಂಚರು ಬಂದು ನೆಲೆಯೂರಿದರು, 1810ರಲ್ಲಿ ಬ್ರಿಟಿಷರು ಕಿತ್ತುಕೊಂಡರು. ಮಡಗಾಸ್ಕರ್, ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಹಿಡಿದು ತಂದವರಿಂದ ಕಾಡು ಕಡಿಸಿ, ಬಂದರು ಕಟ್ಟಿಸಿದರು. ಭಾರತದಿಂದ ಒಯ್ದ ಗುಲಾಮರೂ ಇದ್ದರು. 1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾದಾಗ ಅಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಗುಲಾಮರಿದ್ದರು. ಪರಿಹಾರವಾಗಿ ಸುಮಾರು 20 ಲಕ್ಷ ಪೌಂಡ್ ಸಂದಾಯವಾಯಿತು, ಆದರೆ ಮಾಲೀಕರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಸಿಗಲಿಲ್ಲ. ತರಬೇತಿಯ ನೆಪದಲ್ಲಿ ಅದೇ ಧಣಿಗಳ ಕೈಕೆಳಗೆ 1839ರವರೆಗೆ ದುಡಿಯಬೇಕಾಯಿತು. ಅದು ಮುಗಿದದ್ದೇ ಬಹುಪಾಲು ಜನ ತೋಟ ಬಿಟ್ಟು ಕರಾವಳಿಯ ಮೀನುಗಾರಿಕೆಗೆ, ಬಂದರಿನ ಕೂಲಿಗೆ, ಗಾರೆ ಕೆಲಸಕ್ಕೆ ಹೋದರು. ಅವರು ಬಿಟ್ಟ ಜಾಗಕ್ಕೆ ಭಾರತದಿಂದ ಕರಾರು ಕೂಲಿಗಳನ್ನು ಹಡಗುಗಟ್ಟಲೆ ಕರೆತಂದರು.

ದೇಶ ಸ್ವತಂತ್ರವಾದದ್ದು 1968ರಲ್ಲಿ. ಸಂವಿಧಾನ ಜನರನ್ನು ನಾಲ್ಕಾಗಿ ವಿಂಗಡಿಸಿತು: ಹಿಂದೂ, ಮುಸ್ಲಿಂ, ಚೀನೀ, ಮತ್ತು ಇವು ಮೂರಕ್ಕೂ ಸೇರದ ‘ಸಾಮಾನ್ಯ ಜನತೆ’. ಗುಲಾಮರ ವಂಶದ ಕ್ರಿಯೋಲರೂ ಹಳೇ ಸಕ್ಕರೆ ತೋಟಗಳ ಬಿಳಿಯ ಮನೆತನಗಳೂ ಸೇರಿದ್ದು ಆ ಕೊನೆಯ ಗುಂಪಿಗೆ. ದುಡಿಸಿದವರ ಮೊಮ್ಮಕ್ಕಳನ್ನೂ ದುಡಿದವರ ಮೊಮ್ಮಕ್ಕಳನ್ನೂ ಒಂದೇ ಲೆಕ್ಕದಲ್ಲಿ ಹಿಡಿದರೆ ಯಾರ ಬಡತನ ಎಷ್ಟು ಎಂದು ಹೇಗೆ ತಿಳಿಯಬೇಕು?

ಕಾಗದದಲ್ಲಿ ಇಲ್ಲದ್ದು ಉಳಿದುಕೊಂಡದ್ದು ಸೆಗಾದಲ್ಲಿ. ಗುಲಾಮರು ರಾತ್ರಿ ಬೆಂಕಿಯ ಸುತ್ತ ಕಟ್ಟಿಕೊಂಡ ಹಾಡು-ಕುಣಿತ ಇದು. ಮುಖ್ಯ ವಾದ್ಯ ರವಾನ್, ಮರದ ಅಗಲ ಬಳೆಗೆ ಮೇಕೆಯ ಚರ್ಮ ಬಿಗಿದದ್ದು. ನಮ್ಮಲ್ಲಿ ತಮಟೆ ಕಾಯಿಸುವ ಹಾಗೆಯೇ ಅದನ್ನೂ ಬೆಂಕಿಗೆ ಹಿಡಿದು ಕಾಯಿಸಿದ ಮೇಲೆಯೇ ಬಾರಿಸುವುದು. ಜೊತೆಗೆ ಕಬ್ಬಿನ ಸೂಲಂಗಿಯ ಕಡ್ಡಿ ಜೋಡಿಸಿ, ಒಳಗೆ ಬೀಜ ತುಂಬಿದ ಚಪ್ಪಟೆ ಗಿಲಕಿ ಮರವಾನ್, ಮತ್ತೊಂದು ಕಬ್ಬಿಣದ ತ್ರಿಕೋನ. ಕುಣಿಯುವವರು ಪಾದ ಎತ್ತುವುದಿಲ್ಲ, ನೆಲಕ್ಕೆ ಒತ್ತಿಕೊಂಡೇ ಜಾರಿಸುತ್ತಾರೆ. ಲಯ ಏರಿದಂತೆ ಮಂಡಿ ಬಗ್ಗುತ್ತಾ ಬಗ್ಗುತ್ತಾ ಮೈ ಮಣ್ಣಿನ ಹತ್ತಿರ ಬರುತ್ತದೆ.

ಮರ್ಯಾದಸ್ಥರ ಮನೆಗಳಲ್ಲಿ ಇದಕ್ಕೆ ಬಹಳ ಕಾಲ ಪ್ರವೇಶವಿರಲಿಲ್ಲ. 1964ರ ಅಕ್ಟೋಬರ್‌ನಲ್ಲಿ ಲ ಮೋರ್ನ್ ಬೆಟ್ಟದ ಬುಡದಲ್ಲಿ ನಡೆದ ‘ಸೆಗಾ ರಾತ್ರಿ’ಯಲ್ಲಿ ತಿ ಫ್ರೇರ್ ಎಂಬ ಜನಪದ ಗಾಯಕನಿಗೆ ಸೆಗಾದ ರಾಜನ ಪಟ್ಟ ಸಿಕ್ಕಿತು. ಓಡಿಹೋದ ಗುಲಾಮರು ಅಡಗಿದ್ದ ಬೆಟ್ಟ ಅದು. ಬಿಡುಗಡೆಯ ಸುದ್ದಿ ಹೇಳಲು ಬಂದ ಪೊಲೀಸರನ್ನು ಕಂಡು, ಹಿಡಿಯಲು ಬಂದರೆಂದು ಹೆದರಿ ಅವರು ತುದಿಯಿಂದ ಧುಮುಕಿದರು ಎಂದು ಜನ ಹೇಳುತ್ತಾರೆ. ಆಮೇಲೆ ಪ್ರವಾಸೋದ್ಯಮ ಬೆಳೆಯಿತು. ಸೆಗಾ ಹೂವಿನ ಲಂಗ ತೊಟ್ಟು ಹೋಟೆಲ್ ವೇದಿಕೆ ಹತ್ತಿತು. ಕಲಾವಿದರ ಹೊಟ್ಟೆ ತುಂಬಿಸಿದ್ದಕ್ಕೆ ಆಕ್ಷೇಪವಿಲ್ಲ. ಆದರೆ ನೋವು ಹಾಡಿಕೊಳ್ಳಲು ಹುಟ್ಟಿದ್ದು ಊಟದ ಹೊತ್ತಿನ ಮನರಂಜನೆಯಾದದ್ದು ಸಂಕಟದ ಸಂಗತಿ.

ಆ ನೋವಿಗೆ ಮತ್ತೆ ದನಿ ಕೊಟ್ಟದ್ದು ಕಾಯಾ. ಸೆಗಾಕ್ಕೆ ಜಮೈಕಾದ ರೆಗೆ ಸಂಗೀತ ಬೆರೆಸಿ ‘ಸೆಗೆ’ ಎಂಬ ಹೊಸ ಶೈಲಿ ಕಟ್ಟಿದ ಗಾಯಕ. 1999ರ ಫೆಬ್ರವರಿಯಲ್ಲಿ ಗಾಂಜಾವನ್ನು ಅಪರಾಧದ ಪಟ್ಟಿಯಿಂದ ತೆಗೆಯಿರಿ ಎಂಬ ಸಭೆಯಲ್ಲಿ ಹಾಡಿದ ಬೆನ್ನಲ್ಲೇ ಬಂಧನವಾಯಿತು. 21ರಂದು ಪೊಲೀಸ್ ಕಸ್ಟಡಿಯಲ್ಲೇ ಆತ ಸತ್ತ. ದ್ವೀಪ ಹಲವು ದಿನ ಹೊತ್ತಿ ಉರಿಯಿತು, ಗುಂಡಿಗೆ ಬಲಿಯಾದವರಲ್ಲಿ ಇನ್ನೊಬ್ಬ ಗಾಯಕನೂ ಇದ್ದ. ‘ಕ್ರಿಯೋಲರ ಬೇಗುದಿ’ ಎಂಬ ಮಾತು 1993ರಿಂದಲೇ ಚರ್ಚೆಯಲ್ಲಿತ್ತು. ಹಾಗಾಗಿ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಮುಂದಿನದು ಒಂದೊಂದಾಗಿ ನಡೆಯಿತು. ಫೆಬ್ರವರಿ 1 ಸಾರ್ವಜನಿಕ ರಜೆಯಾಯಿತು. 2008ರಲ್ಲಿ ಲ ಮೋರ್ನ್, 2014ರಲ್ಲಿ ಸೆಗಾ ಯುನೆಸ್ಕೊ ಪಟ್ಟಿ ಸೇರಿದವು. ಗುಲಾಮಗಿರಿ ಮತ್ತು ಕರಾರು ಕೂಲಿಯ ಪರಿಣಾಮಗಳ ತನಿಖೆಗೆ ನೇಮಿಸಿದ್ದ ಸತ್ಯ ಮತ್ತು ನ್ಯಾಯ ಆಯೋಗ 2011ರಲ್ಲಿ ವರದಿ ಕೊಟ್ಟಿತು, ಜಮೀನು ಕಳೆದುಕೊಂಡವರ ಅಹವಾಲುಗಳೂ ಅದರಲ್ಲಿವೆ. ಹಿಂದಿ, ತಮಿಳು, ತೆಲುಗು, ಮರಾಠಿಗೆ ಶಾಲೆಗಳಲ್ಲಿ ಎಂದೋ ಜಾಗವಿತ್ತು. ದೇಶದ ಬಹುತೇಕ ಮನೆಗಳ ಮಾತಾದ ಕ್ರಿಯೋಲ್‌ಗೆ ಅದು ಸಿಕ್ಕಿದ್ದು 2012ರಲ್ಲಿ, ಅದೂ ಐಚ್ಛಿಕ ವಿಷಯವಾಗಿ. ಪೋರ್ಟ್ ಲೂಯಿಯ ಹಳೇ ಮಿಲಿಟರಿ ಆಸ್ಪತ್ರೆ ಈಗ ಗುಲಾಮಗಿರಿ ಮ್ಯೂಸಿಯಂ.

ಗಂಟು ಉಳಿದಿರುವುದು ಚುನಾವಣೆಯಲ್ಲಿ. ಅಭ್ಯರ್ಥಿ ಆ ನಾಲ್ಕರಲ್ಲಿ ತನ್ನ ಸಮುದಾಯ ಯಾವುದೆಂದು ಘೋಷಿಸಬೇಕು. ಸಮುದಾಯಗಳ ಪ್ರಾತಿನಿಧ್ಯ ಸರಿದೂಗಿಸಲು ಸೋತವರಿಗೆ ಹಂಚುವ ಎಂಟು ಹೆಚ್ಚುವರಿ ಸ್ಥಾನಗಳ ಲೆಕ್ಕ ಇಂದಿಗೂ 1972ರ ಜನಗಣತಿಯದು, ಏಕೆಂದರೆ ಅದಾದ ಮೇಲೆ ಗಣತಿಯಲ್ಲಿ ಸಮುದಾಯ ಕೇಳಿಯೇ ಇಲ್ಲ. ಇದು ಹಕ್ಕಿನ ಉಲ್ಲಂಘನೆ ಎಂದು 2012ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಹೇಳಿತು. 2014ರ ಚುನಾವಣೆಗೆ ಮಾತ್ರ ಘೋಷಣೆಯಿಂದ ವಿನಾಯಿತಿ ಸಿಕ್ಕಿತು, 2019ರಲ್ಲಿ ಮತ್ತೆ ಹಳೇ ನಿಯಮವೇ ಬಂತು. ಕಾಲಂ ತೆಗೆದರೆ ಸಣ್ಣ ಸಮುದಾಯಗಳ ದನಿ ಕಳೆದುಹೋದೀತೆಂಬ ಆತಂಕ ಕೆಲವರದು. ಅದನ್ನು ತಳ್ಳಿಹಾಕಲಾಗದು. ಆದರೆ ಕ್ರಿಯೋಲರಿಗೆ ಅವರದೇ ಹೆಸರಿನ ಸಾಲು ಈಗಿನ ಪಟ್ಟಿಯಲ್ಲೂ ಇಲ್ಲ.