ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇದ್ದರೆ ಸೆಕೆಂಡ್ ಹ್ಯಾಂಡ್ ಕಾರು ಒಳ್ಳೆಯದೇ?

ಪ್ರಶ್ನೆ: ಎರಡೂವರೆ ಲಕ್ಷ ರೂಪಾಯಿಯೊಳಗೆ ಮನೆಬಳಕೆಗೊಂದು ಸಣ್ಣ ಪೆಟ್ರೋಲ್ ಕಾರು ನೋಡುತ್ತಿದ್ದೇವೆ. ಕುಂಬಳೆಯ ಹತ್ತಿರ ಗಲ್ಫಿನಲ್ಲಿರುವವರ 2014ರ ಕಾರೊಂದಿದೆ, ಓಡಿದ್ದು ಬರೇ 19,000 ಕಿಲೋಮೀಟರ್. ಪುತ್ತೂರಿನಲ್ಲಿ ಅದೇ ಮಾದರಿಯ 2016ರ ಕಾರಿದೆ, ಆದರೆ 78,000 ಓಡಿದೆ, ಸರ್ವಿಸ್ ಬಿಲ್ಲುಗಳೆಲ್ಲ ಇವೆ. ಮೊದಲನೆಯದನ್ನೇ ತೆಗೆದುಕೊಳ್ಳುವುದು ಒಳ್ಳೆಯದಲ್ಲವೇ? (ಬದಿಯಡ್ಕದ ಓದುಗರು)

ಉತ್ತರ: ಊರಿನ ಹೆಸರು, ಕಾರಿನ ಹೆಸರು ಬೇರೆಯಾದರೂ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದೇ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತಿರುವುದರಿಂದ ಈ ಸಲ ಕಾರಣಸಹಿತ ಬರೆಯುತ್ತೇನೆ. ನಂಬಿಕೆಯ ಮೆಕ್ಯಾನಿಕ್ ನೋಡಿ ದೊಡ್ಡ ದೋಷವಿಲ್ಲ ಎಂದರೆ ಪುತ್ತೂರಿನ ಕಾರನ್ನು ತೆಗೆದುಕೊಳ್ಳಿ.

ಕಡಿಮೆ ಓಡಿದ ಗಾಡಿ ಕಡಿಮೆ ಸವೆದಿರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಓಡುವುದರಿಂದ ಸವೆಯುವ ಭಾಗಗಳು ಕೆಲವು: ಕ್ಲಚ್, ಬ್ರೇಕ್ ಪ್ಯಾಡ್, ಸಸ್ಪೆನ್ಶನ್ನಿನ ಬುಶ್‌ಗಳು. ಸುಮ್ಮನೆ ನಿಂತರೂ ಹಾಳಾಗುವ ಭಾಗಗಳು ಅದಕ್ಕಿಂತ ಹೆಚ್ಚು, ಅವುಗಳ ಲೆಕ್ಕವನ್ನು ಮೀಟರು ಇಡುವುದಿಲ್ಲ. ಟಯರಿನ ರಬ್ಬರು ವರ್ಷ ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು, ಗಾಡಿ ನಿಂತಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ಏಸಿ ಓಡದಿದ್ದರೆ ಕಂಪ್ರೆಸರಿನ ಸೀಲುಗಳಿಗೆ ಎಣ್ಣೆಯ ಪಸೆ ತಲುಪದೆ ಅವು ಒಣಗಿ ಗ್ಯಾಸು ಸೋರುತ್ತದೆ. ಬಾನೆಟ್ಟಿನಡಿಯ ವೈರುಗಳನ್ನು ಇಲಿ ಕಡಿಯುವುದಂತೂ ತೋಟದ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಮಳೆಗಾಲವಿಡೀ ನಿಂತ ಪಂಪ್‌ಸೆಟ್ಟು ತೋಟಕ್ಕೆ ನೀರು ಬಿಡುವ ಹೊತ್ತಿಗೆ ತಿರುಗದೆ ಸಿಕ್ಕಿಕೊಂಡಾಗ, ಈ ವರ್ಷ ಕಡಿಮೆ ಓಡಿದೆಯಲ್ಲ ಎಂದು ಯಾರೂ ಸಮಾಧಾನಪಡುವುದಿಲ್ಲ.

ಗಲ್ಫಿನವರ ಕಾರುಗಳ ಸ್ಥಿತಿಯನ್ನು ಇದೇ ಬೆಳಕಿನಲ್ಲಿ ನೋಡಬೇಕು. ಯಜಮಾನರು ರಜೆಯಲ್ಲಿ ಬಂದಾಗ ಒಂದೆರಡು ತಿಂಗಳು ಓಡಿ, ಉಳಿದ ಕಾಲವೆಲ್ಲ ಪೋರ್ಚಿನಲ್ಲಿ ನಿಲ್ಲುವ ಗಾಡಿಯನ್ನು ಮನೆಯವರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಅದು ಕಾಳಜಿಯಿಂದ ಮಾಡುವ ಕೆಲಸವೇ, ಆದರೆ ಗಾಡಿಗೆ ಅದರಿಂದ ಒಳಿತಿಲ್ಲ. ಪೆಟ್ರೋಲು ಉರಿದಾಗ ನೀರಿನ ಆವಿಯೂ ಉಂಟಾಗುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ನೀರು ಸೈಲೆನ್ಸರಿನೊಳಗೆ ನಿಂತು ಅದನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಇಂಜಿನ್ ಆಯಿಲಿಗೂ ಸೇರುತ್ತದೆ. ಆಯಿಲನ್ನು 10,000 ಕಿಲೋಮೀಟರಿಗೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಿಸಬೇಕೆಂದು ಹೇಳುವುದು ಇದಕ್ಕೇ. ಓಡಿಯೇ ಇಲ್ಲವಲ್ಲ ಎಂದು ಮೂರು ವರ್ಷ ಒಂದೇ ಆಯಿಲಿನಲ್ಲಿ ಇಟ್ಟ ಗಾಡಿಗಳು ನಮ್ಮಲ್ಲಿ ಧಾರಾಳವಾಗಿವೆ.

ಇದರ ಮೇಲೆ ಸಮುದ್ರದ ಉಪ್ಪುಗಾಳಿ. ಕುಂಬಳೆ, ಮೊಗ್ರಾಲ್, ಉಪ್ಪಳದ ಕಡಲ ಬದಿಯಲ್ಲಿ ನಿಂತ ಗಾಡಿಗೆ ಹೊರಗಿನ ಪೈಂಟು ಹೊಳೆಯುತ್ತಿರುವಾಗಲೇ ಅಡಿಭಾಗದಲ್ಲಿ ತುಕ್ಕು ಹಿಡಿದಿರಬಹುದು. ಡಿಕ್ಕಿಯ ಚಾಪೆ ಎತ್ತಿ, ಸ್ಟೆಪ್ನಿಯನ್ನು ಹೊರಗೆ ತೆಗೆದು, ಆ ಗುಳಿಯ ತಳವನ್ನು ಬೆರಳಿನಿಂದ ಉಜ್ಜಿ ನೋಡಿ. ಕಂದು ಪುಡಿ ಕೈಗೆ ಹತ್ತಿದರೆ ಅಲ್ಲಿ ನೀರು ನಿಂತಿದೆ ಎಂದೇ ಅರ್ಥ. ಬಾಗಿಲುಗಳ ಕೆಳಅಂಚು, ಚಾಲಕನ ಕಾಲಡಿಯ ಕಾರ್ಪೆಟ್, ಸಸ್ಪೆನ್ಶನ್ ಬಾಡಿಗೆ ಸೇರುವ ಜಾಗ, ಇವನ್ನು ಟಾರ್ಚ್ ಹಿಡಿದು ನೋಡಬೇಕು. ಕ್ಲಚ್ ಪ್ಲೇಟನ್ನು ಒಂದು ದಿನದಲ್ಲಿ ಬದಲಿಸಬಹುದು, ತುಕ್ಕು ತಿಂದ ತಳವನ್ನು ಸರಿಪಡಿಸಿ ಮೊದಲಿನ ಬಲಕ್ಕೆ ತರುವುದು ಬಹಳ ಕಷ್ಟ.

ಇಷ್ಟು ಹೇಳಿದ್ದು ಮೀಟರಿನ ಅಂಕಿ ನಿಜವೆಂದು ಇಟ್ಟುಕೊಂಡು. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ತಿಳಿದವರಿಗೆ ಸಣ್ಣ ಕೆಲಸ. ಅಂಕಿಯನ್ನು ನಂಬುವ ಮೊದಲು ಟಯರಿನ ಬದಿಯಲ್ಲಿರುವ ನಾಲ್ಕಂಕಿಯ ಗುರುತನ್ನು ಓದಿ: 2318 ಎಂದಿದ್ದರೆ ಆ ಟಯರು 2018ರ 23ನೆಯ ವಾರದಲ್ಲಿ ತಯಾರಾದದ್ದು. 2014ರ ಕಾರು 19,000 ಮಾತ್ರ ಓಡಿದ್ದರೆ ನಾಲ್ಕೂ ಟಯರು ಬದಲಿಸಿದ್ದೇಕೆ ಎಂದು ಕೇಳಲೇಬೇಕು. ಬದಲಿಸದೆ 2014ರದ್ದೇ ಉಳಿದಿದ್ದರೆ ಅಂಕಿಗೆ ಅದು ಬೆಂಬಲವೇ ಸರಿ, ಆದರೆ ಆ ಟಯರುಗಳಲ್ಲಿ ತಲಪಾಡಿ ದಾಟಿ ಹೈವೇಯಲ್ಲಿ ಹೋಗಬಾರದು. ಸವೆದು ನುಣುಪಾದ ಕ್ಲಚ್ ಪೆಡಲು, ಕುಸಿದ ಚಾಲಕನ ಸೀಟು, ಹಳೆಯ ಸರ್ವಿಸ್ ಬಿಲ್ಲಿನಲ್ಲಿ ಬರೆದ ರೀಡಿಂಗ್, ಇವೆಲ್ಲ ಮೀಟರಿಗಿಂತ ಪ್ರಾಮಾಣಿಕ ಸಾಕ್ಷಿಗಳು.

ಹಾಗಾದರೆ 78,000 ಹೆಚ್ಚಲ್ಲವೇ? ಅಲ್ಲ. ಸಮಯಕ್ಕೆ ಆಯಿಲ್ ಬದಲಿಸಿದ ಸಾದಾ ಪೆಟ್ರೋಲ್ ಇಂಜಿನ್ ಒಂದೂವರೆ ಲಕ್ಷ ಕಿಲೋಮೀಟರ್ ದಾಟುವುದು ಸಾಮಾನ್ಯ. ಕ್ಲಚ್ ಮತ್ತು ಬುಶ್‌ಗಳ ಖರ್ಚು ಬರಬಹುದು, ಅದನ್ನು ಬೆಲೆಯಲ್ಲೇ ಕಡಿಮೆ ಮಾಡಿಸಿ. ಕುಂಬಳೆಯ ಕಾರಿಗೆ ಟಯರು, ಬ್ಯಾಟರಿ, ಏಸಿ ಎಂದು ನೀವು ಸುರಿಯಬೇಕಾದ ಹಣಕ್ಕಿಂತ ಅದು ಹೆಚ್ಚಾಗಲಾರದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಸ್ಟಾರ್ಟ್ ಮಾಡಿ. ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ.

ಮಾದರಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಲ್ಟೊ, ವ್ಯಾಗನ್ ಆರ್, ಐ10 ಇವುಗಳಲ್ಲಿ ಯಾವುದಾದರೂ ಸರಿ, ಬಿಡಿಭಾಗ ಊರಲ್ಲೇ ಸಿಗುತ್ತದೆ. 796 ಸಿಸಿಯ ಆಲ್ಟೊಗೆ ಟೈಮಿಂಗ್ ಬೆಲ್ಟ್ ಇದೆ, ಅದನ್ನು ಯಾವಾಗ ಬದಲಿಸಿದ್ದೆಂದು ಕೇಳಿ. ಆಲ್ಟೊ ಕೆ10ಕ್ಕೆ ಇರುವುದು ಚೈನು, ಅದನ್ನು ಬೆಲ್ಟಿನ ಹಾಗೆ ಅವಧಿಗೊಮ್ಮೆ ಬದಲಿಸಬೇಕಾಗಿಲ್ಲ. ಇನ್ನಷ್ಟು ಹಣ ಹೊಂದಿಸಬಲ್ಲಿರಾದರೆ 2019ರ ಜುಲೈ ನಂತರ ತಯಾರಾದ ಗಾಡಿ ನೋಡಿ. ಚಾಲಕನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು ಆಗ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾದದ್ದು ಅದೇ ವರ್ಷದ ಏಪ್ರಿಲಿನಲ್ಲಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಪುತ್ತೂರಿನದು ಕೆಎ 21ರ ಗಾಡಿ, ನೀವಿರುವುದು ಕೇರಳದಲ್ಲಿ. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳು ಇಟ್ಟುಕೊಳ್ಳಬಹುದು ಎಂದು ಎಲ್ಲರೂ ಹೇಳುತ್ತಾರೆ. ಆ 12 ತಿಂಗಳು ಹೊಸ ನಂಬರು ಪಡೆಯುವುದಕ್ಕೆ ಮೋಟಾರು ವಾಹನ ಕಾಯ್ದೆಯ 47ನೆಯ ಸೆಕ್ಷನ್ ಕೊಡುವ ಅವಧಿ, ಒಡೆತನ ಬದಲಾವಣೆಗೆ ಕೊಟ್ಟದ್ದಲ್ಲ. ಕೊಂಡವರು 30 ದಿನದೊಳಗೆ ತಮ್ಮ ಊರಿನ ಆರ್‌ಟಿಒಗೆ ತಿಳಿಸಬೇಕೆಂದು 50ನೆಯ ಸೆಕ್ಷನ್ ಹೇಳುತ್ತದೆ. ಅದಕ್ಕೆ ಮಾರುವವರು ಪುತ್ತೂರಿನ ಆರ್‌ಟಿಒದಿಂದ 28ನೆಯ ಫಾರ್ಮಿನ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ) ತೆಗೆಸಿಕೊಡಬೇಕು, ಬ್ಯಾಂಕ್ ಸಾಲವಿದ್ದದ್ದಾದರೆ ಸಾಲ ತೀರಿದೆಯೆಂಬ 35ನೆಯ ಫಾರ್ಮೂ ಬೇಕು, ಒಡೆತನ ಬದಲಾವಣೆಯ 29 ಮತ್ತು 30ನೆಯ ಫಾರ್ಮುಗಳಿಗೆ ಸಹಿ ಹಾಕಬೇಕು. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಕೇರಳದ ತೆರಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತದಾದರೂ ಎರಡೂವರೆ ಲಕ್ಷದ ಲೆಕ್ಕದೊಳಗೇ ಅದಕ್ಕೂ ಜಾಗ ಇಟ್ಟಿರಬೇಕು. ಕರ್ನಾಟಕದಲ್ಲಿ ಕಟ್ಟಿದ್ದ ಜೀವಾವಧಿ ತೆರಿಗೆಯ ಉಳಿದ ಪಾಲನ್ನು ಮರಳಿ ಪಡೆಯಲು ಅವಕಾಶವಿದೆ, ಆ ಹಣ ಯಾರಿಗೆ ಸೇರಬೇಕೆಂಬುದನ್ನು ಮಾರುವವರೊಡನೆ ಬೆಲೆ ಮಾತಾಡುವಾಗಲೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಿ.