ಮೈಕ್ ಮತ್ತು ಪಿಕಪ್: ಒಂದೇ ಗಿಟಾರ್, ಎರಡು ಟ್ರ್ಯಾಕ್

ಮೈಕ್ ಟ್ರ್ಯಾಕ್ ಒಂದನ್ನೇ ಕೇಳಿದರೆ ಚೆನ್ನಾಗಿದೆ. ಗಿಟಾರ್‌ನಲ್ಲೇ ಕೂರಿಸಿದ ಪಿಕಪ್‌ನ ಟ್ರ್ಯಾಕ್ ಒಂದನ್ನೇ ಕೇಳಿದರೂ ಪರವಾಗಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದ ತಕ್ಷಣ ಗಿಟಾರ್ ಸೊರಗಿ ಹೋಗುತ್ತದೆ. ಅಕೂಸ್ಟಿಕ್ ಗಿಟಾರನ್ನು ಹೀಗೆ ರೆಕಾರ್ಡ್ ಮಾಡಿ ಮಿಕ್ಸಿಂಗ್‌ಗೆ ತರುವವರ ದೂರು ಹೆಚ್ಚುಕಮ್ಮಿ ಇದೇ. ಅಷ್ಟರಲ್ಲಿ ಇಕ್ಯೂ (ಬೇಸ್, ಟ್ರೆಬಲ್ ಏರಿಳಿಸುವ ಸಾಧನ) ತಿರುಗಿಸಿ ತಿರುಗಿಸಿ ಸುಸ್ತಾಗಿರುತ್ತಾರೆ. ಇದು ಇಕ್ಯೂಗೆ ಬಗ್ಗುವ ತೊಂದರೆಯಲ್ಲ.

ತಂತಿಗಳು ಗಿಟಾರ್ ಮೈಗೆ ಕೂಡುವ ಬ್ರಿಜ್ ಕೆಳಗಿರುವ ಪಿಕಪ್ ತಂತಿಯ ಅದುರನ್ನು ಅಲ್ಲೇ ಹಿಡಿದುಬಿಡುತ್ತದೆ. ಮೈಕ್‌ಗೆ ಅದೇ ಶಬ್ದ ಗಾಳಿಯಲ್ಲಿ ಹಾದು ಬರಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮೈಕ್ 30 ಸೆಂ.ಮೀ. ದೂರದಲ್ಲಿದ್ದರೆ ಸುಮಾರು 0.87 ಮಿಲಿಸೆಕೆಂಡ್ ತಡ. 48 ಕಿಲೋಹರ್ಟ್ಸ್ ಸೆಷನ್‌ನಲ್ಲಿ ಅದು 42 ಸ್ಯಾಂಪಲ್ (ಸೆಕೆಂಡಿಗೆ 48,000 ಸಲ ತೆಗೆಯುವ ಶಬ್ದದ ಅಳತೆ). ಕಿವಿಗೆ ಇದು ಎರಡು ಸಲ ಮೀಟಿದ ಹಾಗೇನೂ ಕೇಳಿಸುವುದಿಲ್ಲ. ಆದರೆ ಸುಮಾರು 570 ಹರ್ಟ್ಸ್ ಹತ್ತಿರ ಒಂದರ ಅಲೆ ಏರುವಾಗ ಇನ್ನೊಂದರದ್ದು ಇಳಿಯುತ್ತಿರುತ್ತದೆ, ಎರಡೂ ಒಂದನ್ನೊಂದು ಕೊಲ್ಲುತ್ತವೆ. 1,700ರ ಹತ್ತಿರ ಮತ್ತೆ ಹಾಗೇ, 2,850ರ ಹತ್ತಿರ ಮತ್ತೆ. ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಸಾಲು ತಗ್ಗುಗಳು. ಇಕ್ಯೂನಲ್ಲಿ ತುಂಬಿಸಲು ಹೋದರೆ ಮುಗಿಯುವ ಕೆಲಸವಲ್ಲ.

ಸರಿ, ಮೊದಲು ಜೋಡಣೆ. ಮೈಕ್ ಆಡಿಯೊ ಇಂಟರ್‌ಫೇಸ್‌ನ (ಮೈಕ್, ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಒಂದನೇ ಇನ್‌ಪುಟ್‌ಗೆ. ಕಂಡೆನ್ಸರ್ ಮೈಕ್ ಆದರೆ ಕೇಬಲ್‌ನಲ್ಲೇ ಮೈಕ್‌ಗೆ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ಹಾಕಿ. ಪಿಕಪ್ ಎರಡನೇ ಇನ್‌ಪುಟ್‌ಗೆ, ಅಲ್ಲಿ ಇನ್‌ಸ್ಟ್ರುಮೆಂಟ್ ಬಟನ್ ಒತ್ತುವುದನ್ನು ಮರೆಯಬೇಡಿ. ಬ್ಯಾಟರಿ ಇಲ್ಲದ ಪೀಜೋ (ಒತ್ತಡವನ್ನು ವಿದ್ಯುತ್ತಾಗಿಸುವ) ಪಿಕಪ್‌ಗೆ ಸುಮಾರು 1 ಮೆಗಾಓಮ್ ಅಥವಾ ಇನ್ನೂ ಜಾಸ್ತಿ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಬೇಸ್ ಅಲ್ಲೇ ಸೋರಿಹೋಗುತ್ತದೆ.

ಸಾಫ್ಟ್‌ವೇರ್‌ನಲ್ಲಿ ಎರಡು ಮೋನೋ (ಒಂದೇ ಚಾನಲ್‌ನ) ಟ್ರ್ಯಾಕ್ ಮಾಡಿ, ಎರಡನ್ನೂ ಆರ್ಮ್ ಮಾಡಿ, ಅಂದರೆ ರೆಕಾರ್ಡಿಂಗ್‌ಗೆ ಸಿದ್ಧವಾಗಿಡಿ. ಒಂದು ಸ್ಟೀರಿಯೊ ಟ್ರ್ಯಾಕ್‌ನಲ್ಲೇ ಎರಡನ್ನೂ ತುಂಬಿದರೆ ಆಮೇಲೆ ಬಿಡಿಸುವ ಕೆಲಸ ಬೇರೆ. ಜೋರಾಗಿ ಬಾರಿಸಿದಾಗ ಮೀಟರ್ ಮೈನಸ್ 12 ಡಿಬಿ ಆಸುಪಾಸಿನಲ್ಲಿರುವಷ್ಟು ಗೇನ್ ಇಟ್ಟರೆ ಸಾಕು. ಮೈಕ್ ಹನ್ನೆರಡನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ) ಕಡೆ ಮುಖ ಮಾಡಲಿ, ಸೌಂಡ್‌ಹೋಲ್ ಎದುರು ಬೇಡ. ಅಲ್ಲಿ ಬರೀ ಗುಂಯ್‌ಗುಡುವಿಕೆ.

ಯುಎಸ್‌ಬಿ ಮೈಕ್ ಒಂದು, ಇಂಟರ್‌ಫೇಸ್ ಒಂದು ಇಟ್ಟುಕೊಂಡು ಇದನ್ನು ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ ಅಂತಲೇ ಹೇಳುತ್ತೇನೆ. ಎರಡಕ್ಕೂ ಬೇರೆ ಬೇರೆ ಕ್ಲಾಕ್ (ಸ್ಯಾಂಪಲ್‌ಗಳ ವೇಗ ನಡೆಸುವ ಒಳಗಡಿಯಾರ). ಹತ್ತು ಲಕ್ಷದಲ್ಲಿ 20 ಭಾಗ ವ್ಯತ್ಯಾಸ ಇದ್ದರೂ 5 ನಿಮಿಷದ ಹಾಡಿನ ಕೊನೆಗೆ 6 ಮಿಲಿಸೆಕೆಂಡ್ ಜಾರಿರುತ್ತದೆ. ಶುರುವಿನಲ್ಲಿ ಎಷ್ಟು ನೀಟಾಗಿ ಜೋಡಿಸಿದರೂ ಕೊನೆಯಲ್ಲಿ ಎಡವಟ್ಟೇ.

ಈಗ ಸಮಯ ಸರಿಮಾಡುವುದು. ಹಾಡು ಶುರುವಾಗುವ ಮೊದಲು ಎಡಗೈಯಿಂದ ತಂತಿಗಳನ್ನು ಒತ್ತದೆ ಸುಮ್ನೆ ಮುಚ್ಚಿಹಿಡಿದು, ಪಿಕ್‌ನಿಂದ ಒಂದೆರಡು ಸಲ 'ಟಕ್' ಅನ್ನಿಸಲು ಹೇಳಿ. ಗಿಟಾರ್ ಮೈ ತಟ್ಟಿದರೆ ಅಷ್ಟು ಸರಿಬರುವುದಿಲ್ಲ, ತಟ್ಟಿದ ಜಾಗದಿಂದ ಪಿಕಪ್‌ಗೂ ಮೈಕ್‌ಗೂ ಇರುವ ದೂರವೇ ಬೇರೆ. ಆ 'ಟಕ್' ಹತ್ತಿರ ಹೋಗಿ, ಅಲೆಯ ಒಂದೊಂದು ತಿರುವೂ ಕಾಣುವ ತನಕ ಜೂಮ್ ಮಾಡಿ. ಪಿಕಪ್ ಗೆರೆ ಸೊನ್ನೆಯಿಂದ ಚಕ್ಕನೆ ಏಳುತ್ತದೆ. ಮೈಕ್ ಗೆರೆ ಇನ್ನೂ ಮಲಗಿರುತ್ತದೆ, ಸ್ವಲ್ಪ ಬಲಕ್ಕೆ ಹೋದ ಮೇಲೆ ಏಳುತ್ತದೆ. ಆ ಅಂತರವೇ ನಿಮ್ಮ ತಡ. ಸ್ನ್ಯಾಪ್ (ಕ್ಲಿಪ್ ತಾನಾಗಿ ಗ್ರಿಡ್‌ಗೆ ಅಂಟುವುದು) ಆಫ್ ಮಾಡಿ, ಪಿಕಪ್ ಕ್ಲಿಪ್ಪನ್ನು ಅಷ್ಟೇ ಬಲಕ್ಕೆ ಸರಿಸಿ. ಕ್ಲಿಪ್ ಮುಟ್ಟುವುದು ಇಷ್ಟವಿಲ್ಲದಿದ್ದರೆ ಏಬಲ್ಟನ್ ಲೈವ್ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್ ಡಿಲೇ ಇದೆ, ರೀಪರ್‌ನಲ್ಲಿ ಪ್ಲೇಬ್ಯಾಕ್ ಆಫ್‌ಸೆಟ್ ಇದೆ.

ಆಮೇಲೆ ಕಣ್ಣು ಮುಚ್ಚಿ. ಮಾನಿಟರ್ ಸ್ಪೀಕರನ್ನು ಮೋನೋ ಮಾಡಿ, ಎರಡೂ ಟ್ರ್ಯಾಕ್ ಒಂದೇ ಮಟ್ಟದಲ್ಲಿಟ್ಟು, ಒಂದರ ಪೋಲಾರಿಟಿ (ಅಲೆ ಮೇಲಕ್ಕೋ ಕೆಳಕ್ಕೋ ಅನ್ನುವುದು) ತಿರುಗಿಸುತ್ತಾ ಕೇಳಿ. ದಪ್ಪ ತಂತಿಗಳು ಯಾವಾಗ ತುಂಬಿ ಬರುತ್ತವೋ ಆ ಸ್ಥಾನವೇ ಸರಿ. ಪರದೆಯಲ್ಲಿ ಗೆರೆ ಕೂಡಿದೆ ಅಂತ ಕಿವಿಯ ಮಾತು ತಳ್ಳಿಹಾಕಬೇಡಿ. ಬಾರಿಸುವವರು ಅಲುಗುತ್ತಲೇ ಇರುತ್ತಾರೆ, 5 ಸೆಂ.ಮೀ. ಹಿಂದಕ್ಕೆ ಬಾಗಿದರೂ 7 ಸ್ಯಾಂಪಲ್ ಹೋಯಿತು. ಒಂದು ಸ್ಯಾಂಪಲ್‌ಗಾಗಿ ಗಂಟೆಗಟ್ಟಲೆ ಗುದ್ದಾಡುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಮಿಕ್ಸ್‌ನಲ್ಲಿ ಎರಡಕ್ಕೂ ಸಮಪಾಲು ಕೊಡುವುದು ನನಗೆ ಹಿಡಿಸುವುದಿಲ್ಲ. ಮೈಕ್ ಮುಂದೆ ಇರಲಿ, ಪಿಕಪ್ 10 ಡಿಬಿ ಕೆಳಗಿರಲಿ. ಆಗ ಸಮಯ ಸ್ವಲ್ಪ ತಪ್ಪಿದ್ದರೂ ತಗ್ಗುಗಳು ಸುಮಾರು 3 ಡಿಬಿಯಷ್ಟೇ ಆಳ ಇಳಿಯುತ್ತವೆ. ಪೀಜೋದ ಆ ಪ್ಲಾಸ್ಟಿಕ್ ಕಿರುಚಾಟವೂ ಮರೆಯಾಗುತ್ತದೆ, ಮೀಟಿನ ಚುರುಕು ಮಾತ್ರ ಉಳಿಯುತ್ತದೆ. ಹಾಡುತ್ತಲೇ ಬಾರಿಸುವವರಾದರೆ ಲೆಕ್ಕ ಬೇರೆ. ಮೈಕ್ ತುಂಬಾ ಗಂಟಲೇ ಇರುತ್ತದೆ, ಆಗ ಪಿಕಪ್ ಮೇಲೇ ಜಾಸ್ತಿ ನೆಚ್ಚಿಕೊಳ್ಳಬೇಕು.

ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ 'ಸ್ಟೀರಿಯೊ ಆಯ್ತು' ಅನ್ನುವವರಿದ್ದಾರೆ. ಸಮಯ ಸರಿಮಾಡದಿದ್ದರೆ ಗಿಟಾರ್ ಮೊದಲು ಬಂದ ಪಿಕಪ್ ಕಡೆಗೇ ವಾಲುತ್ತದೆ. ಇನ್ನು ಫೋನ್‌ನ ಒಂಟಿ ಸ್ಪೀಕರ್‌ನಲ್ಲಿ ಎರಡೂ ಸೇರಿಕೊಂಡರೆ ಮತ್ತೆ ಅದೇ ಸೊರಗು. ಅಗಲ ಬೇಕೆಂದರೆ ಇನ್ನೊಂದು ಮೈಕ್ ಇಡಿ, ಪಿಕಪ್ ನಡುವೆ ಇರಲಿ.

ಎಡಿಟಿಂಗ್‌ಗೆ ಕೈ ಹಾಕುವ ಮೊದಲು ಎರಡೂ ಟ್ರ್ಯಾಕ್ ಗ್ರೂಪ್ ಮಾಡಿ. ಒಂದನ್ನು ಕತ್ತರಿಸಿ ಇನ್ನೊಂದನ್ನು ಬಿಟ್ಟರೆ ಇಷ್ಟು ಹೊತ್ತು ಜೋಡಿಸಿದ್ದೆಲ್ಲ ನೀರುಪಾಲು.